ಮುತ್ತುಗದ ಹೂವೂ ಛಾಯಾಚಿತ್ರವೂ

ಫಾಲ್ಗುಣ ಮಾಸದಲ್ಲಿ ಮೈಸೂರು ಸೀಮೆಯ ಕುರುಚಲು ಕಾಡಿನ ಅಂಚಿನಲ್ಲಿ ಸಂಚರಿಸುವವರಿಗೆ ಮುತ್ತುಗದ ಮರವನ್ನು ತೋರಿಸಿಕೊಡಬೇಕಾದುದಿಲ್ಲ. ಉಳಿದ ದಿನಗಳಲ್ಲಿ ಊಟದ ಎಲೆಗಾಗಿ ಮಾತ್ರ ನಮ್ಮ ನೆನಪಿಗೆ ಬರುವ ಈ ಡೊಂಕುಮರವು, ಎಲೆಗಳನ್ನು ಉದುರಿಸಿ, ಕೆಲವೇ ವಾರಗಳ ಕಾಲ ಕೆಂಡದ ರಾಶಿಯಂತೆ ನಿಲ್ಲುತ್ತದೆ. ಎಸಳು ಗಿಳಿಯ ಕೊಕ್ಕಿನಂತೆ ಬಾಗಿರುವುದರಿಂದ, "ಇದೇನು ಗಿಳಿಯೋ?" ಎಂಬ ಅರ್ಥವುಳ್ಳ ಕಿಂಶುಕವೆಂಬ ಹೆಸರು ಸಂಸ್ಕೃತದಲ್ಲಿ ಇದಕ್ಕುಂಟು.

ಈ ಸೊಬಗನ್ನು ಛಾಯಾಚಿತ್ರದಲ್ಲಿ ಹಿಡಿಯಹೋದ ನಾವು ಅನೇಕ ವೇಳೆ ನಿರಾಶರಾಗುತ್ತೇವೆ. ಮರದಲ್ಲಿ ಕಂಡ ಹೂವು ಚಿತ್ರದಲ್ಲಿ ಬರಿಯ ಕೆಂಪು ಕಲೆಯಾಗಿರುತ್ತದೆ. ಎಸಳಿನ ಬಾಗೂ ಕಾಣದು, ಅದರ ಮೇಲಣ ಮಖಮಲ್ಲಿನಂತಹ ನಯವೂ ಕಾಣದು. ಇದಕ್ಕೆ ಕಾರಣವೇನು?

1907ರಲ್ಲಿ ಫ್ರಾನ್ಸಿನ ಲೂಮಿಯೇರ್ ಸೋದರರು ಮಾರುಕಟ್ಟೆಗೆ ತಂದ ಬಣ್ಣದ ಫಲಕದಲ್ಲಿ, ಆಲೂಗಡ್ಡೆಯ ಪಿಷ್ಟದ ಕಣಗಳಿಗೆ ಮೂರು ಬಣ್ಣಗಳನ್ನು ಕೊಟ್ಟು ಹರಡಿದ್ದರು. ಒಂದೊಂದು ಕಣವೂ ತನ್ನ ಬಣ್ಣದ ಬೆಳಕನ್ನು ಮಾತ್ರ ಒಳಗೆ ಬಿಡುತ್ತಿತ್ತು. ಇಂದಿನ ಕ್ಯಾಮೆರಾವೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಾತ್ರೆಗಳಲ್ಲಿ ಬೆಳಕನ್ನು ಅಳೆಯುತ್ತದೆಯೆನ್ನಬಹುದು. ಮುತ್ತುಗದ ಹೂವಿನಿಂದ ಕೆಂಪು ಬೆಳಕು ಹೆಚ್ಚಾಗಿ ಬರುವುದರಿಂದ ಆ ಪಾತ್ರೆಯೇ ಮೊದಲು ತುಂಬಿಬಿಡುತ್ತದೆ. ತುಂಬಿದ ಪಾತ್ರೆಯಲ್ಲಿ ಹೆಚ್ಚುಕಡಿಮೆಯ ಭೇದವೆಲ್ಲಿಯದು? ಆ ಭೇದವು ಅಳಿದೊಡನೆ ಹೂವಿನ ಆಕಾರವೂ ಮಾಸಿಹೋಗುತ್ತದೆ.

ಆದುದರಿಂದ ಕ್ಯಾಮೆರಾವು ತಾನಾಗಿ ಆರಿಸಿಕೊಂಡುದಕ್ಕಿಂತ ಬೆಳಕನ್ನು ಸ್ವಲ್ಪ ಕಡಿಮೆಮಾಡುವುದು ಲೇಸು. ಮೊಬೈಲಿನಲ್ಲಾದರೆ, ತೆರೆಯ ಮೇಲೆ ಹೂವನ್ನು ಮುಟ್ಟಿ ಪ್ರಕಾಶವನ್ನು ತಗ್ಗಿಸಬಹುದು. ಬಣ್ಣದ ಹೊಂದಿಕೆಯನ್ನು ಯಂತ್ರಕ್ಕೆ ಬಿಡದೆ ಹಗಲಿನ ಬೆಳಕಿಗೆ ನಿಲ್ಲಿಸಬೇಕು. ಇಲ್ಲದಿದ್ದರೆ ಹೂವಿನ ಕಾವಿಯನ್ನು ದೀಪದ ಬೆಳಕೆಂದು ತಿಳಿದು ಅದು ಚಿತ್ರಕ್ಕೆ ನೀಲಿಯ ಛಾಯೆಯನ್ನು ಬೆರೆಸೀತು.

ಇದಕ್ಕಿಂತಲೂ ಮುಖ್ಯವಾದುದು ಹೊತ್ತು. ನಡುಮಧ್ಯಾಹ್ನದ ಬಿಸಿಲು ಎಸಳಿನ ಮೈಮೇಲೆ ಬಿಳಿಯ ಹೊಳಪಾಗಿ ಸಿಡಿದು ಬಣ್ಣವನ್ನು ಮಂಕುಮಾಡುತ್ತದೆ. ಬೆಳಗಿನ ಓರೆಬಿಸಿಲಾದರೋ ಎಸಳಿನ ಒಳಹೊಕ್ಕು ಹಾಯುತ್ತದೆ. ಹೂವಿನ ಹಿಂದೆ ಸೂರ್ಯನಿರುವಂತೆ ನಿಂತು ನೋಡಿದರೆ ಒಂದೊಂದು ಎಸಳೂ ತಾನೇ ಹೊತ್ತಿಸಿದ ದೀಪವಾಗುತ್ತದೆ. ಹಿಂಬದಿಗೆ ಬೆಳ್ಳನೆಯ ಆಕಾಶವನ್ನು ಬಿಟ್ಟು, ನೆರಳಿನಲ್ಲಿರುವ ಪೊದೆಯನ್ನೋ ದಿಣ್ಣೆಯನ್ನೋ ಆರಿಸಿಕೊಂಡರೆ ಬಣ್ಣವು ಇನ್ನೂ ಎದ್ದು ಕಾಣುತ್ತದೆ. ಕೊಂಬೆಯನ್ನು ಮುರಿದು ತಗ್ಗಿಗೆ ತರುವುದು ಮಾತ್ರ ಸಲ್ಲದು. ಆ ಹೂವಿನ ಮಕರಂದಕ್ಕಾಗಿ ಸೂರಕ್ಕಿ, ಗೊರವಂಕಗಳು ಕಾದಿರುತ್ತವೆ.

ಹೀಗೆ ಹೊತ್ತನ್ನರಿತು ಮರದ ಸುತ್ತ ಒಮ್ಮೆ ಬರುವಷ್ಟರಲ್ಲಿ, ಚಿತ್ರವನ್ನು ತೆಗೆಯುವುದಕ್ಕೆ ಮೊದಲೇ, ನಾವು ಆ ಮರವನ್ನು ನಿಜವಾಗಿ ನೋಡಿರುತ್ತೇವೆ. ಚಿತ್ರವು ಕೆಟ್ಟರೂ ಆ ನೋಟವು ಕೆಡದು. ನೋಡದೆ ತೆಗೆದ ಚಿತ್ರವೊಂದೇ ಕೈಯಲ್ಲಿ ಉಳಿದು ಹೂವು ಉದುರಿಹೋದರೆ, ಮತ್ತೊಂದು ಫಾಲ್ಗುಣದವರೆಗೆ ನಾವು ಕಾಯಬೇಕು.