ಒಲೆಯ ಬೂದಿ, ಮಲೆಯ ಬೂದಿ

ಸೌದೆ ಒಲೆಯ ಕಾಲದಲ್ಲಿ ಬೂದಿಗೆ ಬಿಡುವೇ ಇರಲಿಲ್ಲ. ಬೆಳಗ್ಗೆ ಒಲೆಯಿಂದ ಗೋರಿದ ಬೂದಿಯಲ್ಲಿ ಒಂದು ಪಾಲು ಪಾತ್ರೆ ತಿಕ್ಕಲು, ಒಂದು ಪಾಲು ಬಿತ್ತನೆ ಕಾಳಿಗೆ ಹುಳ ಹಿಡಿಯದಂತೆ ಬೆರೆಸಲು, ಉಳಿದದ್ದು ಹಿತ್ತಿಲ ಬಾಳೆಬುಡಕ್ಕೆ. ಹಾಗಾಗಿ ಜ್ವಾಲಾಮುಖಿಯ ಬೂದಿ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದೂ ಅದೇ ಬೂದಿ, ಬೆಟ್ಟದಷ್ಟು. ಆದರೆ ಒಲೆಯ ಬೂದಿ ಸುಟ್ಟು ಉಳಿದದ್ದು. ಜ್ವಾಲಾಮುಖಿಯಲ್ಲಿ ಏನೂ ಉರಿದು ಬೂದಿಯಾಗುವುದಿಲ್ಲ. ಅನಿಲ ತುಂಬಿಕೊಂಡ ಕರಗಿದ ಶಿಲೆ, ಕುಲುಕಿದ ಸೋಡಾ ಬಾಟಲಿ ತೆರೆದಂತೆ ನೊರೆಯುಕ್ಕಿ, ಚೂರುಚೂರಾಗಿ ಸಿಡಿದು, ಗಾಳಿಯಲ್ಲೇ ಥಟ್ಟನೆ ತಣಿದು ಗಾಜಾಗುತ್ತದೆ. ಮೈಯೆಲ್ಲ ತೂತು, ಅಂಚೆಲ್ಲ ಚೂಪು. ಹೆಸರಿಗೆ ಬೂದಿ, ವಾಸ್ತವದಲ್ಲಿ ಗಾಜಿನ ಪುಡಿ.

ಆ ಗಾಜಿನ ಪುಡಿಯ ಮೇಲೆ ಇಡೀ ಒಂದು ಕಾಡುಸೀಮೆ ನಿಂತಿದೆ. ಅಮೆರಿಕದ ಐಡಾಹೊ ರಾಜ್ಯದ ಉತ್ತರ ಭಾಗ, ಅದಕ್ಕೆ ತಾಗಿದ ಮೊಂಟಾನಾ ಮತ್ತು ವಾಷಿಂಗ್ಟನ್ ರಾಜ್ಯಗಳ ಬೆಟ್ಟಗಳಲ್ಲಿ ರೆಡ್‌ಸೀಡರ್, ಹೆಮ್ಲಾಕ್, ಫರ್, ಸ್ಪ್ರೂಸ್ ಮರಗಳು ಒತ್ತೊತ್ತಾಗಿ ಬೆಳೆದಿವೆ. ಉದುರಿದ ಸೂಜಿ ಎಲೆಗಳ ಹಾಸನ್ನು ಸರಿಸಿದರೆ ಕೆಳಗೆ ಹಳದಿ ಬೆರೆತ ಕಂದು ಬಣ್ಣದ, ಹುರಿಹಿಟ್ಟಿನಷ್ಟು ಹಗುರವಾದ ಮಣ್ಣು. ಗೇಣಿನಿಂದ ಮೊಳದಷ್ಟು ಆಳದವರೆಗೆ ಅದೇ. ಅದರ ಕೆಳಗೆ ಥಟ್ಟನೆ ಗಟ್ಟಿ ನೆಲ: ಕಲ್ಲು, ಹಿಮನದಿಗಳು ಒತ್ತಿಟ್ಟು ಹೋದ ಜಲ್ಲಿಮಣ್ಣು. ಮೇಲಿನ ಮಣ್ಣು ಆ ಕಲ್ಲಿನಿಂದ ಹುಟ್ಟಿದ್ದಲ್ಲ. ಅದರಲ್ಲಿ ಗಾಳಿ ತಂದ ಧೂಳೂ ಬೆರೆತಿದೆ ನಿಜ, ಆದರೆ ಬಹುಪಾಲು ಬಂದದ್ದು ಒರೆಗಾನ್ ರಾಜ್ಯದ ದಕ್ಷಿಣದಲ್ಲಿದ್ದ ಮಜಾಮಾ ಎಂಬ ಪರ್ವತದಿಂದ. ದೂರ ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರ್‌ಗೆ ಇರುವಷ್ಟು.

ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಸಿಡಿಯಿತು. ಹೊರಬಿದ್ದ ಶಿಲಾದ್ರವ ಸುಮಾರು 50 ಘನ ಕಿಲೋಮೀಟರ್. ಒಡಲು ಬರಿದಾದ ಪರ್ವತದ ನೆತ್ತಿ ಒಳಕ್ಕೆ ಕುಸಿದು, ಆ ಗುಂಡಿಯಲ್ಲಿ ಮಳೆ ಮತ್ತು ಹಿಮದ ನೀರು ತುಂಬಿ ಕ್ರೇಟರ್ ಲೇಕ್ ಆಯಿತು. 594 ಮೀಟರ್ ಆಳದ ಅದು ಇಂದು ಅಮೆರಿಕದ ಅತ್ಯಂತ ಆಳದ ಸರೋವರ. ಬೂದಿಯ ಚೂರುಗಳು ಗ್ರೀನ್‌ಲ್ಯಾಂಡಿನ ಹಿಮದ ಪದರಗಳಲ್ಲೂ ಸಿಕ್ಕಿವೆ. ಈ ಸ್ಫೋಟವನ್ನು ಕಣ್ಣಾರೆ ಕಂಡ ಜನ ಅಲ್ಲಿದ್ದರು. ಕ್ಲಾಮತ್ ಬುಡಕಟ್ಟಿನವರು ಪಾತಾಳದ ಲಾವ್ ಮತ್ತು ಆಕಾಶದ ಸ್ಕೆಲ್ ಎಂಬ ಇಬ್ಬರು ದೇವತೆಗಳ ಕಾಳಗದ ಕತೆಯಾಗಿ ಇದನ್ನು ಉಳಿಸಿಕೊಂಡಿದ್ದಾರೆ. 1938ರಲ್ಲಿ ಲೂಥರ್ ಕ್ರೆಸ್‌ಮನ್ ಎಂಬ ಮಾನವಶಾಸ್ತ್ರಜ್ಞ ಒರೆಗಾನಿನ ಫೋರ್ಟ್ ರಾಕ್ ಗುಹೆಯಲ್ಲಿ ಮಜಾಮಾ ಬೂದಿಯ ಪದರವನ್ನು ಅಗೆದಾಗ, ಅದರಡಿ ಹತ್ತಾರು ಚಪ್ಪಲಿಗಳು ಸಿಕ್ಕವು. ಸೇಜ್‌ಬ್ರಷ್ ಎಂಬ ಪೊದೆಯ ತೊಗಟೆ ಹೆಣೆದು ಮಾಡಿದವು. ವಯಸ್ಸು 9,000 ವರ್ಷಕ್ಕೂ ಮೇಲೆ.

ಐಡಾಹೊ ಸೀಮೆಯಲ್ಲಿ ಬೂದಿ ಬಿದ್ದದ್ದು ಎಲ್ಲೆಡೆ, ಉಳಿದದ್ದು ಕೆಲವೆಡೆ. ಬಿಸಿಲಿಗೆ ಮುಖಮಾಡಿದ ದಕ್ಷಿಣದ ಇಳಿಜಾರುಗಳಲ್ಲಿ ಮರ ವಿರಳ; ಅಲ್ಲಿ ಗಾಳಿ, ನೀರು ಬೂದಿಯನ್ನು ಹೊತ್ತೊಯ್ದವು. ಉತ್ತರಕ್ಕೆ ಮುಖಮಾಡಿದ, ತಂಪಾದ, ದಟ್ಟ ಕಾಡಿನ ಇಳಿಜಾರುಗಳು ಅದನ್ನು ಹಿಡಿದಿಟ್ಟುಕೊಂಡವು. ನಮ್ಮ ಕಡೆಯೂ ಇಂಥದೊಂದು ಉದಾಹರಣೆ ಇದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ಅದರ ಬೂದಿ ಭಾರತದ ಮೇಲೆಲ್ಲ ಬಿತ್ತು. ನಮ್ಮ ಗುಡ್ಡಗಳ ಮೇಲೆ ಅದರ ಸುಳಿವಿಲ್ಲ. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಂಥ ಕೆಲವೆಡೆ ಮಾತ್ರ ಕಣಿವೆಗೆ ಕೊಚ್ಚಿ ಬಂದು ದಪ್ಪ ಪದರವಾಗಿ ನಿಂತಿತು. ಧಾರವಾಡದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಜ್ವಾಲಾಪುರಂನ ಪದರದ ಕೆಳಗೂ ಮೇಲೂ ಮನುಷ್ಯರ ಕಲ್ಲಿನ ಆಯುಧಗಳನ್ನು ಕಂಡರು. ಊರಿನವರಿಗೆ ಅದು ಬೇರೆಯೇ ರೀತಿಯಲ್ಲಿ ಪರಿಚಿತ: ತೊಳೆಯುವ ಪುಡಿಗಳಿಗಾಗಿ ಅಲ್ಲಿಂದ ಬೂದಿ ಅಗೆದು ಸಾಗಿಸುತ್ತಿದ್ದರು. ಮಲೆಯ ಬೂದಿ ಕೊನೆಗೂ ಒಲೆಯ ಬೂದಿಯ ಕೆಲಸಕ್ಕೇ ಬಂತು.

ಐಡಾಹೊದ ಬೆಟ್ಟಗಳಿಗೆ ಮರಳೋಣ. ಸಾಮಾನ್ಯ ಮಣ್ಣು ಒಂದು ಘನ ಸೆಂಟಿಮೀಟರಿಗೆ ಸುಮಾರು 1.3 ಗ್ರಾಂ ತೂಗಿದರೆ, ಅಲ್ಲಿನ ಬೂದಿಮಣ್ಣು 0.9 ಗ್ರಾಂ ಕೂಡ ತೂಗುವುದಿಲ್ಲ. ಅಂದರೆ ಮೂರರಲ್ಲಿ ಎರಡು ಪಾಲು ಖಾಲಿ ಜಾಗ. ಆ ಜಾಗವೇ ಕಾಡಿನ ಬಂಡವಾಳ. ನಮ್ಮ ಮಲೆನಾಡಿನ ಮಳೆ ಲೆಕ್ಕ ಅಲ್ಲಿ ತಲೆಕೆಳಗು. ನೀರಿನ ಬಹುಪಾಲು ಚಳಿಗಾಲದಲ್ಲಿ ಹಿಮವಾಗಿ ಬೀಳುತ್ತದೆ. ಮರಗಳಿಗೆ ಬೆಳೆಯುವ ಬಿಸುಪು ಸಿಗುವ ಜುಲೈ, ಆಗಸ್ಟ್‌ನಲ್ಲಿ ಆಕಾಶ ಒಣಗಿರುತ್ತದೆ. ಹಿಮ ಕರಗಿದ ನೀರನ್ನು ವಸಂತದಲ್ಲಿ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಗುಟುಕು ಗುಟುಕಾಗಿ ಬೇರುಗಳಿಗೆ ಕೊಡುವುದು ಈ ಬೂದಿಮಣ್ಣು. ಕೆಳಗಿನ ಜಲ್ಲಿನೆಲಕ್ಕೆ ಆ ಶಕ್ತಿ ಇಲ್ಲ. ಮರದ ಬೇರುಗಳು ಬೂದಿಯ ಪದರದಲ್ಲೇ ಗುಂಪುಗಟ್ಟಿರುತ್ತವೆ.

ಗಾಜು ಬಲು ಬೇಗ ಶಿಥಿಲವಾಗುವ ವಸ್ತು. ಹರಳಿನಲ್ಲಿ ಪರಮಾಣುಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ, ಗಾಜಿನಲ್ಲಿ ಆ ಶಿಸ್ತಿಲ್ಲ. ನೀರು ಅದರಿಂದ ಸಿಲಿಕಾವನ್ನು ತೊಳೆದೊಯ್ದಂತೆ ಉಳಿದ ಅಲ್ಯುಮಿನಿಯಂ ಮತ್ತು ಸಿಲಿಕಾ ಸೇರಿ ಅಲೋಫೇನ್ ಎಂಬ ಖನಿಜವಾಗುತ್ತದೆ. ಅದರ ಕಣ ಎಂದರೆ ಐದು ನ್ಯಾನೋಮೀಟರ್ ಕೂಡ ಇಲ್ಲದ ಟೊಳ್ಳು ಗುಂಡು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೋಮೀಟರ್. ಇದರ ದಾಯಾದಿ ಇಮೊಗೊಲೈಟ್ ಸಣ್ಣ ಕೊಳವೆ. ಜಪಾನಿನ ಯೋಶಿನಾಗಾ ಮತ್ತು ಆವೊಮಿನೆ 1962ರಲ್ಲಿ ಅದನ್ನು ಗುರುತಿಸಿ, ಕ್ಯೂಶು ದ್ವೀಪದ ಇಮೊಗೊ ಎಂಬ ಮಣ್ಣಿನ ಹೆಸರನ್ನೇ ಇಟ್ಟರು. ಮಳೆ ಕಡಿಮೆಯಾದರೆ ಸಿಲಿಕಾ ಅಲ್ಲೇ ನಿಂತು ಬೇರೆ ಜೇಡಿಗಳಾಗುತ್ತವೆ. ಸೆಕೆ ಹೆಚ್ಚಾದರೆ ಅಲೋಫೇನ್ ಬೇಗ ಮುಪ್ಪಾಗಿ ಸಾಧಾರಣ ಜೇಡಿಯಾಗುತ್ತದೆ. ತೊಯ್ಯಬೇಕು, ತಂಪಾಗಿಯೂ ಇರಬೇಕು; ಹಾಗಿದ್ದರೆ ಅದು ಬಹುಕಾಲ ಬಾಳುತ್ತದೆ. ಐಡಾಹೊದಲ್ಲೂ ಬೆಟ್ಟ ಏರಿ ಚಳಿ, ತೇವ ಹೆಚ್ಚಿದಂತೆ ಅಲೋಫೇನ್ ಹೆಚ್ಚುತ್ತದೆ. ತಪ್ಪಲಿನ ಒಣ ಕಾಡಿನಲ್ಲಿ ಗಾಜು ಇನ್ನೂ ಗಾಜಾಗಿಯೇ ಉಳಿದಿದೆ.

ಈ ಟೊಳ್ಳು ಗುಂಡುಗಳಿಗೆ ಒಂದು ಜಿಪುಣ ಗುಣವಿದೆ. ರಂಜಕ ಸಿಕ್ಕರೆ ಬಿಗಿಹಿಡಿಯುತ್ತವೆ, ಗಿಡಕ್ಕೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಲೋಫೇನ್ ಚೆನ್ನಾಗಿ ಬೆಳೆದ ಮಣ್ಣು ಪ್ರಯೋಗದಲ್ಲಿ ತನಗೆ ಕೊಟ್ಟ ರಂಜಕದಲ್ಲಿ ಶೇ 85ಕ್ಕೂ ಹೆಚ್ಚನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಳೆತ ಎಲೆಯ ಇಂಗಾಲವನ್ನೂ ಹಾಗೆಯೇ ಅಪ್ಪಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳ ಬಾಯಿಗೆ ಸಿಗದಂತೆ. ಭೂಮಿಯ ನೆಲದಲ್ಲಿ ಇಂಥ ಮಣ್ಣಿನ ಪಾಲು ಶೇ 1ರಷ್ಟು, ಮಣ್ಣಿನಲ್ಲಿರುವ ಇಂಗಾಲದಲ್ಲಿ ಅದರ ಪಾಲು ಸುಮಾರು ಶೇ 5. ವಿಜ್ಞಾನಿಗಳು ಇದಕ್ಕೆ ಕೊಟ್ಟಿರುವ ಹೆಸರು ಆಂಡಿಸಾಲ್. ಜಪಾನಿ ಭಾಷೆಯಲ್ಲಿ 'ಆನ್' ಎಂದರೆ ಕಪ್ಪು, 'ದೊ' ಎಂದರೆ ಮಣ್ಣು. ಅಮೆರಿಕದ ಮಣ್ಣಿನ ವರ್ಗೀಕರಣದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1990ರಲ್ಲಿ.

ಇದನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರವೇನೂ ಬೇಡ. ನ್ಯೂಜಿಲೆಂಡಿನ ಫೀಲ್ಡಸ್ ಮತ್ತು ಪೆರಟ್ 1966ರಲ್ಲಿ ಒಂದು ಸುಲಭ ಪರೀಕ್ಷೆ ಹೇಳಿಕೊಟ್ಟರು. ಫೀನಾಲ್ಫ್ಥಲೀನ್ ಸವರಿದ ಕಾಗದದ ಮೇಲೆ ಚಿಟಿಕೆ ಮಣ್ಣಿಟ್ಟು ಸೋಡಿಯಂ ಫ್ಲೋರೈಡ್ ದ್ರಾವಣದ ಹನಿ ಹಾಕಬೇಕು. ಫ್ಲೋರೈಡ್ ಅಲ್ಯುಮಿನಿಯಂಗೆ ಅಂಟಿಕೊಂಡು ಕ್ಷಾರವನ್ನು ಹೊರದಬ್ಬುತ್ತದೆ, ಕಾಗದ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡಿದವರಿಗೆ ಇದರ ಒಳಗುಟ್ಟು ವಿವರಿಸಬೇಕಾಗಿಲ್ಲ. ಬೆರಳಿಗೂ ಈ ಮಣ್ಣು ಗೊತ್ತಾಗುತ್ತದೆ. ಹೇರಳವಾಗಿ ಅಲೋಫೇನ್ ಇರುವ ಹಸಿ ಮಣ್ಣನ್ನು ಒತ್ತಿದರೆ ಮೊದಲು ಗಟ್ಟಿಯಿದ್ದದ್ದು ಸಟ್ಟನೆ ನೀರೊಡೆದು ಜಾರುತ್ತದೆ.

ಹಗುರ ಮಣ್ಣಿನ ಶತ್ರು ಭಾರ. ಮರ ಎಳೆಯುವ ಟ್ರ್ಯಾಕ್ಟರು ಒಮ್ಮೆ ಹಸಿ ನೆಲದ ಮೇಲೆ ಹೋಗಿ ಬಂದರೆ ಚೂಪು ಗಾಜಿನ ಕಣಗಳು ಒಂದರೊಳಗೊಂದು ಸಿಕ್ಕಿ ಕೂರುತ್ತವೆ. ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯ ಜೊತೆ ಇದನ್ನು ಹೋಲಿಸಿ ನೋಡಬೇಕು. ಎರೆಯೂ ಲಾವಾದ ಸಂತಾನವೇ, ದಖನ್ನಿನ ಕಪ್ಪುಕಲ್ಲಿನಿಂದ ಬಿಸಿಲುಸೀಮೆಯಲ್ಲಿ ಹುಟ್ಟಿದ್ದು. ಅದರ ಜೇಡಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಹಾಗೆ ವರ್ಷವರ್ಷವೂ ತನ್ನನ್ನು ತಾನೇ ಉತ್ತುಕೊಳ್ಳುವ ನೆಲ ಅದು. ಬೂದಿಮಣ್ಣಿಗೆ ಈ ಉಬ್ಬುವ, ಕುಗ್ಗುವ ವಿದ್ಯೆ ಗೊತ್ತಿಲ್ಲ. ಒಮ್ಮೆ ಒತ್ತಿದ್ದು ದಶಕಗಟ್ಟಲೆ ಒತ್ತಿಕೊಂಡೇ ಇರುತ್ತದೆ. ಅದಕ್ಕೇ ಐಡಾಹೊ ಸೀಮೆಯಲ್ಲಿ ಎಷ್ಟೋ ಕಡೆ ನೆಲ ಹೆಪ್ಪುಗಟ್ಟಿ ಹಿಮ ಹೊದ್ದಿರುವಾಗಲೇ ಮರ ಕಡಿದು ಸಾಗಿಸುತ್ತಾರೆ.

ಯಂತ್ರದ ಪೆಟ್ಟಿಗಿಂತ ವಿಚಿತ್ರವಾದದ್ದು ಐಡಾಹೊದ ನಡುಭಾಗದ ಉತ್ತರಕ್ಕಿರುವ, ಗ್ರ್ಯಾಂಡ್ ಫರ್ ಮರಗಳ ಎತ್ತರದ ಕಾಡಿನಲ್ಲಿ ನಡೆದದ್ದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಮರಗಳನ್ನು ಬೋಳಿಸಿ, ಸಸಿ ನೆಟ್ಟರು. ಸಸಿ ಬದುಕಲಿಲ್ಲ. ಮತ್ತೆ ನೆಟ್ಟರು, ಮತ್ತೆ ಸತ್ತವು. ಬಯಲಾದ ಜಾಗವನ್ನು ಬ್ರ್ಯಾಕನ್ ಎಂಬ ಜರೀಗಿಡ ಆಕ್ರಮಿಸಿತ್ತು. ನೆಲದಡಿ ಗೋಫರ್‌ಗಳು, ಅಂದರೆ ಬಿಲ ತೋಡುವ, ಕೆನ್ನೆಯಲ್ಲಿ ಚೀಲವಿರುವ ಹೆಗ್ಗಣದಂಥ ಪ್ರಾಣಿಗಳು, ಎಳೆ ಬೇರುಗಳನ್ನು ಮೇಯುತ್ತಿದ್ದವು. ಎಲ್ಲರೂ ಗೋಫರನ್ನು ಬೈದರು. ಐಡಾಹೊ ವಿಶ್ವವಿದ್ಯಾಲಯದ ಪಾಲ್ ಮೆಕ್‌ಡೇನಿಯಲ್, ಜೋಡಿ ಜಾನ್ಸನ್-ಮೇನಾರ್ಡ್ ಮತ್ತಿತರರು ಮಣ್ಣನ್ನೇ ಪರೀಕ್ಷಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಜರೀಗಿಡದ ನೆಲದೊಳಗಿನ ಕಾಂಡಗಳು ಅಪಾರ ಸಾವಯವ ವಸ್ತುವನ್ನು ಸೇರಿಸಿ ಮಣ್ಣನ್ನು ಹೆಚ್ಚು ಹುಳಿಯಾಗಿಸಿದ್ದವು. ಹುಳಿ ಹೆಚ್ಚಿದಾಗ ಅಲ್ಯುಮಿನಿಯಂ ಅಲೋಫೇನ್ ಆಗುವ ಬದಲು ಕೊಳೆತ ಸಾವಯವದ ಜೊತೆ ಕೂಡಿಕೊಳ್ಳುತ್ತದೆ, ಒಂದಿಷ್ಟು ಕರಗಿ ಬೇರಿಗೆ ವಿಷವೂ ಆಗುತ್ತದೆ. ಸಾವಿರಾರು ವರ್ಷ ಕಾಡಿನ ನೆರಳಲ್ಲಿ ರೂಪುಗೊಂಡ ಮಣ್ಣಿನ ರಸಾಯನ ಕೆಲವೇ ದಶಕಗಳಲ್ಲಿ ಬೇರೆಯೇ ಆಗಿತ್ತು. ಗೋಫರ್ ನಿರಪರಾಧಿಯಲ್ಲ, ಆದರೆ ಒಬ್ಬಂಟಿ ಅಪರಾಧಿಯೂ ಅಲ್ಲ.

ಬೂದಿಯೇ ಬೀಳದಿದ್ದರೂ ಇಂಥ ಮಣ್ಣು ಹುಟ್ಟಬಹುದೇ? ಹುಟ್ಟಬಹುದು, ಅದೂ ನಮ್ಮ ಪಕ್ಕದಲ್ಲೇ. ನೀಲಗಿರಿಯ 2,000 ಮೀಟರಿಗೂ ಎತ್ತರದ ಶೋಲಾ ಮತ್ತು ಹುಲ್ಲುಗಾವಲಿನ ಮಣ್ಣನ್ನು ಅಭ್ಯಸಿಸಿದ ಫ್ರೆಂಚ್ ವಿಜ್ಞಾನಿಗಳು 2000ದಲ್ಲಿ ಅದನ್ನು ಆಂಡಿಸಾಲ್ ಎಂದೇ ಗುರುತಿಸಿದರು. ಅಲ್ಲಿ ಜ್ವಾಲಾಮುಖಿಯ ಹಿನ್ನೆಲೆ ಇಲ್ಲ. ಇರುವುದು ಹಳೆಯ ಗಟ್ಟಿ ಶಿಲೆ ಕರಗಿ ಉಳಿದ, ಅಲ್ಯುಮಿನಿಯಂ ತುಂಬಿದ ಕೆಂಪು ಮಣ್ಣು. ಚಳಿಯಲ್ಲಿ ನಿಧಾನವಾಗಿ ಕೊಳೆಯುವ ಹುಲ್ಲು, ಎಲೆಗಳ ಸಾವಯವ ಆ ಅಲ್ಯುಮಿನಿಯಂಗೆ ಅಂಟಿಕೊಂಡು ಮೇಲ್ಮಣ್ಣು ಕಪ್ಪಗೆ, ಹಗುರಾಗಿದೆ. ಮುಂದಿನ ಸಲ ಗುಂಡ್ಲುಪೇಟೆ ದಾಟಿ ಊಟಿಗೆ ಹತ್ತಿದಾಗ, ಘಾಟಿಯ ಮೇಲೆ ರಸ್ತೆಗೆಂದು ಕಡಿದ ದರೆಯ ಅಂಚನ್ನು ನೋಡಿ: ಕೆಳಗೆ ಕೆಂಪು, ಮೇಲೆ ಕಪ್ಪು. ಒಂದು ಹಿಡಿ ಎತ್ತಿ ತೂಕ ನೋಡಿ. ನೋಡಿದ ಮೇಲೆ ಅಲ್ಲೇ ಹಾಕಿ ಬನ್ನಿ.