ಸೇತುವೆಯಾಚೆಯ ಜಿದ್ದು: ಡಾಡ್ಜರ್ಸ್–ಜೈಂಟ್ಸ್ ಸರಣಿ ಬೆಳೆದುಬಂದ ಬಗೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡಗಳು ಒಂದೊಂದೇ ಪಂದ್ಯಕ್ಕಾಗಿ ಊರೂರು ಅಲೆಯುವುದಿಲ್ಲ. ಒಂದು ತಂಡವು ಎದುರಾಳಿಯ ಊರಿಗೆ ಹೋಗಿ ಬೀಡುಬಿಟ್ಟು, ಸಾಮಾನ್ಯವಾಗಿ ಮೂರು ಇಲ್ಲವೇ ನಾಲ್ಕು ದಿನ, ದಿನಕ್ಕೊಂದರಂತೆ ಪಂದ್ಯವಾಡಿ ಮುಂದಿನ ಊರಿಗೆ ಹೊರಡುತ್ತದೆ, ಈ ಪಂದ್ಯಗುಚ್ಛವನ್ನೇ ಸರಣಿ ಎನ್ನುತ್ತಾರೆ. ವರ್ಷಕ್ಕೆ 162 ಪಂದ್ಯಗಳನ್ನಾಡುವ ತಂಡವೊಂದಕ್ಕೆ ಇಂತಹ ಸರಣಿಗಳು ಐವತ್ತರಷ್ಟಾದರೂ ಒದಗುವುದರಿಂದ ಅವುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಮುಗಿದುಹೋಗುತ್ತವೆ. ಆದರೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮುಖಾಮುಖಿಯಾಗುವ ವಾರ ಸಮೀಪಿಸಿತೆಂದರೆ, ಅಂಕಪಟ್ಟಿಯಲ್ಲಿ ಆ ತಂಡಗಳ ಸ್ಥಾನ ಏನೇ ಇದ್ದರೂ, ಎರಡೂ ನಗರಗಳಲ್ಲಿ ಮುನ್ನೋಟಗಳು, ಲೆಕ್ಕಾಚಾರಗಳು, ಹಳೆಯ ಸೇಡುಗಳ ಮೆಲುಕು ಎಲ್ಲವೂ ಶುರುವಾಗುತ್ತವೆ.

ಈ ಜಿದ್ದಿಗೆ ಸಾಮಾನ್ಯವಾಗಿ ನೀಡುವ ವಿವರಣೆ ಕ್ಯಾಲಿಫೋರ್ನಿಯಾದ ಉತ್ತರ ಮತ್ತು ದಕ್ಷಿಣ ಭಾಗಗಳ ನಡುವಿನ ಸಹಜ ಅಸಮಾಧಾನ. ಅದು ಪೂರ್ತಿ ಸುಳ್ಳಲ್ಲವಾದರೂ ಮೂಲಕಾರಣವಂತೂ ಅಲ್ಲ, ಏಕೆಂದರೆ ಈ ಎರಡು ತಂಡಗಳು ಹುಟ್ಟಿದ್ದು ಅಲ್ಲಿಂದ ಸುಮಾರು 4,000 ಕಿ.ಮೀ. ದೂರದ ನ್ಯೂಯಾರ್ಕ್‌ನಲ್ಲಿ. ನದಿಯ ಎರಡು ದಡಗಳ ನಡುವಿನ ಪೈಪೋಟಿ, ಪಂದ್ಯಗಳ ವೇಳಾಪಟ್ಟಿ ಮತ್ತು ಇಬ್ಬರು ಮಾಲೀಕರ ಲೆಕ್ಕದ ಪುಸ್ತಕ, ಈ ಮೂರೂ ಸೇರಿ ಬೆಳೆಸಿದ ಹಗೆತನವಿದು. ಆಟಗಾರರ ಪರಸ್ಪರ ದ್ವೇಷಕ್ಕೆ ಇದರಲ್ಲಿ ಜನ ಭಾವಿಸಿರುವಷ್ಟು ದೊಡ್ಡ ಪಾತ್ರವಿಲ್ಲ.

1883ರ ಮೇ ತಿಂಗಳಲ್ಲಿ ಮ್ಯಾನ್‌ಹಾಟನ್ ಮತ್ತು ಬ್ರೂಕ್ಲಿನ್‌ಗಳನ್ನು ಜೋಡಿಸುವ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಮುಂದೆ ಜೈಂಟ್ಸ್ ಎನಿಸಿಕೊಂಡ ನ್ಯೂಯಾರ್ಕ್ ತಂಡವೂ, ಮುಂದೆ ಡಾಡ್ಜರ್ಸ್ ಎನಿಸಿಕೊಂಡ ಬ್ರೂಕ್ಲಿನ್ ತಂಡವೂ ಕಣಕ್ಕಿಳಿದದ್ದು ಅದೇ ವರ್ಷ. ಬ್ರೂಕ್ಲಿನ್ ಆಗ ನ್ಯೂಯಾರ್ಕಿನ ಬಡಾವಣೆಯಾಗಿರದೆ ತನ್ನದೇ ಮೇಯರ್ ಇದ್ದ ಸ್ವತಂತ್ರ ನಗರವಾಗಿತ್ತು. 1889ರಲ್ಲಿ ಎರಡು ಬೇರೆ ಬೇರೆ ಲೀಗ್‌ಗಳ ವಿಜೇತರಾಗಿ ಈ ತಂಡಗಳು ಅಂದಿನ ವಿಶ್ವ ಸರಣಿಯಲ್ಲಿ ಎದುರಾಗಿ ಜೈಂಟ್ಸ್ ಗೆದ್ದಾಗ ಅದು ಎರಡು ನಗರಗಳ ನಡುವಿನ ಸೋಲುಗೆಲುವೇ ಆಗಿತ್ತು. ಮರುವರ್ಷ ಬ್ರೂಕ್ಲಿನ್ ತಂಡ ಜೈಂಟ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್‌ಗೆ ಸೇರಿತು. 1898ರ ಜನವರಿ 1ರಂದು ಬ್ರೂಕ್ಲಿನ್ ನಗರವೇ ನ್ಯೂಯಾರ್ಕಿನಲ್ಲಿ ವಿಲೀನಗೊಂಡು ತನ್ನ ಸ್ವತಂತ್ರ ಅಸ್ತಿತ್ವವನ್ನು ಕಳೆದುಕೊಂಡ ಬಳಿಕ, ಅಲ್ಲಿನವರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದ ಕೆಲವೇ ಸಂಗತಿಗಳಲ್ಲಿ ಬೇಸ್‌ಬಾಲ್ ತಂಡವೂ ಒಂದಾಯಿತು. ಊರು ಹೋದ ಮೇಲೆ ಊರಿನ ಅಭಿಮಾನ ತಂಡಕ್ಕೆ ಅಂಟಿಕೊಂಡಿತೆಂದರೆ ತಪ್ಪಾಗಲಾರದು.

ವೇಳಾಪಟ್ಟಿಯ ಪಾತ್ರವನ್ನು ಇಲ್ಲಿ ಗಮನಿಸಬೇಕು. ಎಂಟು ತಂಡಗಳಿದ್ದ ಅಂದಿನ ಲೀಗ್‌ನಲ್ಲಿ ಋತುವೊಂದಕ್ಕೆ 154 ಪಂದ್ಯಗಳಿದ್ದುದರಿಂದ ಪ್ರತಿ ಎರಡು ತಂಡಗಳು ವರ್ಷಕ್ಕೆ 22 ಬಾರಿ ಎದುರಾಗಬೇಕಿತ್ತು. ಬೇರೆ ಊರುಗಳ ತಂಡಗಳೊಂದಿಗೆ 22 ಪಂದ್ಯಗಳೆಂದರೆ ರೈಲು ಪ್ರಯಾಣ, ಹೋಟೆಲ್ ವಾಸ. ಬ್ರೂಕ್ಲಿನ್ ಮತ್ತು ನ್ಯೂಯಾರ್ಕ್ ನಡುವೆಯಾದರೆ ಆಟಗಾರರಷ್ಟೇ ಅಲ್ಲ, ಅಭಿಮಾನಿಗಳೂ ನೆಲದಡಿಯ ರೈಲಿನಲ್ಲಿ ಎದುರಾಳಿಯ ಅಂಗಳಕ್ಕೆ ಹೋಗಿ, ಕೂಗಾಡಿ, ರಾತ್ರಿಯೂಟಕ್ಕೆ ಮನೆಗೆ ಮರಳಬಹುದಿತ್ತು. ಮರುದಿನ ಒಂದೇ ಕಚೇರಿಯಲ್ಲಿ ಗೆದ್ದವರೂ ಸೋತವರೂ ಅಕ್ಕಪಕ್ಕದಲ್ಲೇ ಕೂರಬೇಕಿತ್ತು.

ಜೈಂಟ್ಸ್ ತಂಡವನ್ನು 1902ರಿಂದ 1932ರವರೆಗೆ ನಡೆಸಿದ ಜಾನ್ ಮೆಕ್‌ಗ್ರಾ, ತನ್ನ ಹಳೆಯ ಗೆಳೆಯನೂ ಸಹಾಯಕನೂ ಆಗಿದ್ದ ವಿಲ್ಬರ್ಟ್ ರಾಬಿನ್ಸನ್‌ನೊಂದಿಗೆ 1913ರಲ್ಲಿ ಜಗಳವಾಡಿಕೊಂಡದ್ದೂ, ಮರುವರ್ಷ ಆ ರಾಬಿನ್ಸನ್ ಬ್ರೂಕ್ಲಿನ್ ತಂಡದ ಮ್ಯಾನೇಜರ್ ಆದದ್ದೂ ಈ ಬೆಂಕಿಗೆ ತುಪ್ಪ ಸುರಿದವು. ಮ್ಯಾನೇಜರ್ ಎಂದರೆ ಇಲ್ಲಿ ಕಚೇರಿಯ ವ್ಯವಸ್ಥಾಪಕನಲ್ಲ, ಯಾರು ಆಡಬೇಕು, ಯಾವಾಗ ಯಾರನ್ನು ಬದಲಿಸಬೇಕು ಎಂಬುದನ್ನು ಅಂಗಳದ ಅಂಚಿನಿಂದಲೇ ನಿರ್ಧರಿಸುವ ತಂಡದ ಸೂತ್ರಧಾರ. 1934ರ ಋತು ಆರಂಭವಾಗುವ ಮೊದಲು ಜೈಂಟ್ಸ್ ಮ್ಯಾನೇಜರ್ ಬಿಲ್ ಟೆರ್ರಿ ಪತ್ರಕರ್ತರೊಂದಿಗೆ ಮಾತನಾಡುತ್ತ, ಬ್ರೂಕ್ಲಿನ್ ಇನ್ನೂ ಲೀಗ್‌ನಲ್ಲಿದೆಯೇ ಎಂದು ಕೊಂಕು ನುಡಿದನು. ಸೆಪ್ಟೆಂಬರ್ ಕೊನೆಗೆ ಜೈಂಟ್ಸ್ ತಂಡವು ಸೇಂಟ್ ಲೂಯಿ ಕಾರ್ಡಿನಲ್ಸ್ ಜೊತೆ ಸಮಸಮವಾಗಿ ಅಗ್ರಸ್ಥಾನದಲ್ಲಿದ್ದಾಗ, ಉಳಿದಿದ್ದ ಎರಡೂ ಪಂದ್ಯಗಳಲ್ಲಿ ಅದನ್ನು ಅದರದೇ ಅಂಗಳದಲ್ಲಿ ಸೋಲಿಸಿ ಪ್ರಶಸ್ತಿ ತಪ್ಪಿಸಿದ್ದು, ತಾನು ಮೊದಲೇ ಸ್ಪರ್ಧೆಯಿಂದ ಹೊರಬಿದ್ದಿದ್ದ ಅದೇ ಬ್ರೂಕ್ಲಿನ್. ತನಗೆ ಏನೂ ದಕ್ಕದಿದ್ದರೂ ಎದುರಾಳಿಗೆ ದಕ್ಕದಂತೆ ನೋಡಿಕೊಳ್ಳುವುದೇ ಈ ಸರಣಿಯ ಮುಖ್ಯ ಸುಖ ಎಂಬ ನಂಬಿಕೆ ಬೇರೂರಿದ್ದು ಬಹುಶಃ ಅಂದಿನಿಂದ.

1951ರ ಅಕ್ಟೋಬರ್ 3ರ ಪಂದ್ಯವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ. ಆಗಸ್ಟ್ 11ರ ವೇಳೆಗೆ ಡಾಡ್ಜರ್ಸ್ ತಂಡವು ಜೈಂಟ್ಸ್‌ಗಿಂತ 13 ಪಂದ್ಯಗಳಿಗೂ ಹೆಚ್ಚು ಅಂತರದಿಂದ ಮುಂದಿತ್ತು. ಆ ಬಳಿಕ ಜೈಂಟ್ಸ್ ಉಳಿದ 44 ಪಂದ್ಯಗಳಲ್ಲಿ 37ನ್ನು ಗೆದ್ದು, ಎರಡೂ ತಂಡಗಳು 96 ಗೆಲುವುಗಳೊಂದಿಗೆ ಸಮಬಲ ಸಾಧಿಸಿದ್ದರಿಂದ ಮೂರು ಪಂದ್ಯಗಳ ನಿರ್ಣಾಯಕ ಸರಣಿ ನಡೆಯಿತು. ತಲಾ ಒಂದು ಗೆದ್ದ ಮೇಲೆ ಕೊನೆಯ ಪಂದ್ಯ ಜೈಂಟ್ಸ್‌ನ ಪೋಲೊ ಗ್ರೌಂಡ್ಸ್ ಅಂಗಳದಲ್ಲಿ ಏರ್ಪಟ್ಟಿತು. ಬೇಸ್‌ಬಾಲ್‌ನಲ್ಲಿ ಪ್ರತಿ ತಂಡಕ್ಕೂ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ ಮೂರು ಔಟ್‌ಗಳು; ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಯ ಸರದಿಗೆ ಜೈಂಟ್ಸ್ ಬಂದಾಗ ಡಾಡ್ಜರ್ಸ್ 4–1ರಿಂದ ಮುಂದಿತ್ತು. ಒಂದು ಓಟ ಬಂದು ಇಬ್ಬರು ಬೇಸ್‌ಗಳಲ್ಲಿ, ಅಂದರೆ ಓಟದ ಹಾದಿಯ ನಿಲುಗಡೆಗಳಲ್ಲಿ, ನಿಂತಿದ್ದಾಗ ದಣಿದಿದ್ದ ಡಾನ್ ನ್ಯೂಕೊಂಬ್‌ನ ಬದಲಿಗೆ ರಾಲ್ಫ್ ಬ್ರಾಂಕಾ ಪಿಚರ್ ಆಗಿ, ಅಂದರೆ ಚೆಂಡೆಸೆಯುವವನಾಗಿ ಬಂದನು. ಅವನ ಎರಡನೆಯ ಎಸೆತವನ್ನು ಬಾಬಿ ಥಾಮ್ಸನ್ ಎಡಬದಿಯ ಗೋಡೆಯಾಚೆಗೆ ಬಾರಿಸಿದನು. ಚೆಂಡು ಹೀಗೆ ಎಲ್ಲೆ ದಾಟಿದರೆ ಬ್ಯಾಟರ್ ಮತ್ತು ಬೇಸ್‌ಗಳಲ್ಲಿರುವವರೆಲ್ಲ ಮನೆ ಸೇರಿ ಓಟ ಗಳಿಸುವುದರಿಂದ ಅದಕ್ಕೆ ಹೋಮ್ ರನ್ ಎನ್ನುತ್ತಾರೆ. ಆ ಒಂದೇ ಹೊಡೆತಕ್ಕೆ ಮೂರು ಓಟಗಳು ಬಂದು ಜೈಂಟ್ಸ್ 5–4ರಿಂದ ಗೆದ್ದಿತು. ಥಾಮ್ಸನ್‌ನ ಬಳಿಕ ಬ್ಯಾಟ್ ಹಿಡಿಯಲು ಸಿದ್ಧನಾಗಿ ನಿಂತಿದ್ದವನು ಮುಂದೆ ಜೈಂಟ್ಸ್‌ನ ಹೆಸರಾಂತ ಆಟಗಾರನಾದ 20 ವರ್ಷದ ವಿಲ್ಲಿ ಮೇಸ್. ಇಡೀ ನ್ಯೂಯಾರ್ಕ್ ಅಂದು ಅಂಗಳದಲ್ಲಿತ್ತೆಂಬ ಪ್ರತೀತಿ ಇದ್ದರೂ ದಾಖಲೆಯ ಪ್ರಕಾರ ಪ್ರೇಕ್ಷಕರ ಸಂಖ್ಯೆ 34,320 ಮಾತ್ರ, ಆಸನಗಳು ಸಾವಿರಾರು ಖಾಲಿಯಿದ್ದವು.

ಈ ಕತೆಗೆ ಅರ್ಧ ಶತಮಾನದ ನಂತರ ಒಂದು ಅನುಬಂಧ ಸೇರಿತು. ಬ್ಯಾಟರ್‌ನ ಹಿಂದೆ ಕುಕ್ಕುರುಗಾಲಿನಲ್ಲಿ ಕೂರುವ ಕ್ಯಾಚರ್, ಮುಂದಿನ ಚೆಂಡು ನೇರ ವೇಗದ್ದೋ ತಿರುವಿನದ್ದೋ ಎಂಬುದನ್ನು ಆಗ ಬೆರಳುಗಳ ಸಂಜ್ಞೆಯಿಂದ ಪಿಚರ್‌ಗೆ ತಿಳಿಸುತ್ತಿದ್ದನು. ಎಂತಹ ಎಸೆತ ಬರಲಿದೆ ಎಂದು ಬ್ಯಾಟರ್‌ಗೆ ಮೊದಲೇ ಗೊತ್ತಾದರೆ ಅವನ ಅರ್ಧ ಕೆಲಸ ಮುಗಿದಂತೆ. 1951ರ ದ್ವಿತೀಯಾರ್ಧದಲ್ಲಿ ಜೈಂಟ್ಸ್ ತಂಡವು ಅಂಗಳದ ಆಚೆ ತುದಿಯಲ್ಲಿದ್ದ ತನ್ನ ಕೊಠಡಿಯ ಕಿಟಕಿಯಲ್ಲಿ ದೂರದರ್ಶಕವನ್ನಿಟ್ಟು ಈ ಸಂಜ್ಞೆಗಳನ್ನು ಓದಿ, ವಿದ್ಯುತ್ ಗಂಟೆಯ ಮೂಲಕ ತನ್ನವರಿಗೆ ರವಾನಿಸುತ್ತಿತ್ತೆಂಬುದನ್ನು 2001ರಲ್ಲಿ ಪತ್ರಕರ್ತ ಜೋಶುವಾ ಪ್ರೇಗರ್ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಸಾಕ್ಷ್ಯಸಮೇತ ಬಯಲಿಗೆಳೆದನು. ಆ ಒಂದು ಎಸೆತದ ಮಟ್ಟಿಗೆ ತನಗೆ ಸುಳಿವು ಸಿಕ್ಕಿರಲಿಲ್ಲವೆಂದು ಥಾಮ್ಸನ್ ಹೇಳಿದನಾದರೂ ಡಾಡ್ಜರ್ಸ್ ಅಭಿಮಾನಿಗಳು ಅದನ್ನು ಒಪ್ಪುವ ಸಾಧ್ಯತೆ ಇರಲಿಲ್ಲ, ಇಂದಿಗೂ ಇಲ್ಲ.

ಇದೇ ಬಗೆಯ ಇನ್ನೊಂದು ಕತೆ ಮಾತ್ರ ಪರಿಶೀಲನೆಗೆ ನಿಲ್ಲುವುದಿಲ್ಲ. 1947ರಲ್ಲಿ ಬ್ರೂಕ್ಲಿನ್ ಪರವಾಗಿ ಆಡುವ ಮೂಲಕ ಮೇಜರ್ ಲೀಗ್‌ನ ವರ್ಣಭೇದದ ಗೋಡೆಯನ್ನು ಕೆಡವಿದ ಜಾಕಿ ರಾಬಿನ್ಸನ್‌ನನ್ನು 1956ರ ಡಿಸೆಂಬರ್‌ನಲ್ಲಿ ಜೈಂಟ್ಸ್‌ಗೆ ಕೊಟ್ಟುಬಿಡಲು ಒಪ್ಪಂದವಾದಾಗ, ಎದುರಾಳಿಯ ಅಂಗಿ ತೊಡುವುದಕ್ಕಿಂತ ನಿವೃತ್ತಿಯೇ ಮೇಲೆಂದು ಅವನು ಆಟ ಬಿಟ್ಟನೆಂದು ಹೇಳುವುದುಂಟು. ವಾಸ್ತವದಲ್ಲಿ ಅವನು ಅದಾಗಲೇ ಕಾಫಿ ಕಂಪನಿಯೊಂದರಲ್ಲಿ ಹುದ್ದೆ ಒಪ್ಪಿಕೊಂಡು ನಿವೃತ್ತಿಯನ್ನು ನಿಶ್ಚಯಿಸಿದ್ದನು.

ಹಗೆತನದ ಈ ಎಲ್ಲ ಕತೆಗಳ ಹಿಂದೆ ವ್ಯಾಪಾರವಿತ್ತೆಂಬುದು ನಿಚ್ಚಳವಾದದ್ದು 1957ರಲ್ಲಿ. ಡಾಡ್ಜರ್ಸ್ ಮಾಲೀಕ ವಾಲ್ಟರ್ ಓಮಾಲಿಗೆ ಎಬ್ಬೆಟ್ಸ್ ಫೀಲ್ಡ್ ಎಂಬ ತನ್ನ ಇಕ್ಕಟ್ಟಾದ ಹಳೆಯ ಅಂಗಳದ ಬದಲಿಗೆ ಬ್ರೂಕ್ಲಿನ್‌ನ ಅಟ್ಲಾಂಟಿಕ್ ಅವೆನ್ಯೂ ಬಳಿ ಹೊಸ ಕ್ರೀಡಾಂಗಣ ಬೇಕಿತ್ತು. ನಗರದ ನಿರ್ಮಾಣ ಕಾರ್ಯಗಳನ್ನೆಲ್ಲ ಹಿಡಿತದಲ್ಲಿಟ್ಟುಕೊಂಡಿದ್ದ ರಾಬರ್ಟ್ ಮೋಸೆಸ್ ಅದಕ್ಕೆ ಒಪ್ಪಲಿಲ್ಲ. ಜೈಂಟ್ಸ್ ಮಾಲೀಕ ಹೊರೇಸ್ ಸ್ಟೋನ್‌ಹ್ಯಾಮ್‌ಗೂ ಕುಸಿಯುತ್ತಿದ್ದ ಟಿಕೆಟ್ ಮಾರಾಟದ ಚಿಂತೆಯಿತ್ತು. ಪಶ್ಚಿಮ ಕರಾವಳಿಗೆ ಒಂದೇ ತಂಡ ಹೋದರೆ ಉಳಿದ ತಂಡಗಳಿಗೆ ಅಷ್ಟು ದೂರದ ಪ್ರಯಾಣ ದುಬಾರಿಯಾಗುತ್ತದೆಂಬ ಕಾರಣಕ್ಕೆ ಲೀಗ್‌ನ ಮಾಲೀಕರು ಆ ವರ್ಷ ಮೇ ತಿಂಗಳಲ್ಲಿ, ಹೋಗುವುದಾದರೆ ಇಬ್ಬರೂ ಒಟ್ಟಿಗೆ ಹೋಗಬೇಕೆಂಬ ಷರತ್ತಿನೊಡನೆ ಅನುಮತಿ ಕೊಟ್ಟರು. ಮಾಲೀಕರಿಬ್ಬರಿಗೂ ಇದು ಒಪ್ಪಿಗೆಯೇ, ಏಕೆಂದರೆ ಹೊಸ ಊರುಗಳಲ್ಲಿ ಮೊದಲ ದಿನದಿಂದಲೇ ಅಂಗಳ ತುಂಬಿಸಬಲ್ಲ ಸಿದ್ಧ ಸರಕೆಂದರೆ ಈ ಹಳೆಯ ಜಿದ್ದೊಂದೇ ಆಗಿತ್ತು. ಬದ್ಧ ವೈರಿಗಳೆನಿಸಿಕೊಂಡವರು ಗಂಟುಮೂಟೆ ಕಟ್ಟಿಕೊಂಡು ಜೊತೆಯಾಗಿಯೇ ವಲಸೆ ಹೊರಟ ಇಂತಹ ನಿದರ್ಶನ ಕ್ರೀಡಾ ಇತಿಹಾಸದಲ್ಲಿ ವಿರಳ. 1958ರ ಏಪ್ರಿಲ್ 15ರಂದು ಸ್ಯಾನ್ ಫ್ರಾನ್ಸಿಸ್ಕೊದ ಸೀಲ್ಸ್ ಸ್ಟೇಡಿಯಂನಲ್ಲಿ ಪಶ್ಚಿಮ ಕರಾವಳಿಯ ಮೊತ್ತಮೊದಲ ಮೇಜರ್ ಲೀಗ್ ಪಂದ್ಯ ಇವೆರಡರ ನಡುವೆಯೇ ನಡೆದು ಜೈಂಟ್ಸ್ 8–0ಯಿಂದ ಗೆದ್ದಿತು. ಮೂರು ದಿನಗಳ ನಂತರ ಲಾಸ್ ಏಂಜಲೀಸ್‌ನಲ್ಲಿ ನಡೆದ ಪಂದ್ಯಕ್ಕೆ 78,672 ಜನ ಸೇರಿದರು.

ನೆಟ್ಟ ಸಸಿ ಹೊಸ ಮಣ್ಣಿನಲ್ಲಿ ಬೇಗನೇ ಬೇರುಬಿಟ್ಟಿತು. 1962ರಲ್ಲಿ ಡಾಡ್ಜರ್ಸ್‌ನ ಮಾರಿ ವಿಲ್ಸ್ 104 ಬೇಸ್‌ಗಳನ್ನು ಕದ್ದನು, ಅಂದರೆ ಪಿಚರ್ ಚೆಂಡೆಸೆಯುವ ಹೊತ್ತಿಗೆ ಎದುರಾಳಿಗಳ ಕಣ್ಣುತಪ್ಪಿಸಿ ಅಷ್ಟು ಸಲ ಮುಂದಿನ ಬೇಸ್‌ಗೆ ಓಡಿದನು. ಅವನ ಓಟಕ್ಕೆ ಕಡಿವಾಣ ಹಾಕಲು ಜೈಂಟ್ಸ್ ಮ್ಯಾನೇಜರ್ ಆಲ್ವಿನ್ ಡಾರ್ಕ್‌ನ ಅಂಗಳದಲ್ಲಿ ಬೇಸ್‌ಗಳ ನಡುವಿನ ಓಟದ ಹಾದಿಗೆ ನೀರುಣಿಸಿ ಕೆಸರಾಗಿಸಲಾಯಿತು. ಆ ವರ್ಷವೂ ತಂಡಗಳು ಸಮಬಲವಾಗಿ, ಮತ್ತೆ ಅಕ್ಟೋಬರ್ 3ರಂದೇ ನಡೆದ ನಿರ್ಣಾಯಕ ಪಂದ್ಯದ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ನಾಲ್ಕು ಓಟ ಗಳಿಸಿ ಜೈಂಟ್ಸ್ ಗೆದ್ದಿತು. 1965ರ ಆಗಸ್ಟ್ 22ರಂದು, ಡಾಡ್ಜರ್ಸ್ ಕ್ಯಾಚರ್ ಜಾನ್ ರೋಸ್‌ಬರೊ ಪಿಚರ್‌ಗೆ ಹಿಂದಿರುಗಿಸಿದ ಚೆಂಡು ತನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತೆಂದು ಕೆರಳಿದ ಜೈಂಟ್ಸ್‌ನ ಹ್ವಾನ್ ಮಾರಿಶಾಲ್ ಬ್ಯಾಟಿನಿಂದಲೇ ಅವನ ತಲೆಗೆ ಹೊಡೆದನು; ದಂಡ 1,750 ಡಾಲರ್, ಜೊತೆಗೆ ಎಂಟು ಪಂದ್ಯದಿನಗಳ ನಿಷೇಧ. ಮುಂದೆ ಇಬ್ಬರೂ ಗೆಳೆಯರಾದರು. 2002ರಲ್ಲಿ ರೋಸ್‌ಬರೊ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಮಾರಿಶಾಲ್‌ಗೂ ಗೌರವದ ಸ್ಥಾನವಿತ್ತೆಂಬುದನ್ನು ನೋಡಿದರೆ, ಅಭಿಮಾನಿಗಳು ಸಾಕಿಕೊಂಡಷ್ಟು ಕಾಲ ಆಟಗಾರರು ಹಗೆ ಸಾಕುವುದಿಲ್ಲವೆಂಬುದು ಸ್ಪಷ್ಟ.

ಅಕ್ಟೋಬರ್ ತಿಂಗಳಲ್ಲಿ ನಡೆಯುವ ಇಂದಿನ ಸ್ವರೂಪದ ನಾಕ್‌ಔಟ್ ಹಂತದಲ್ಲಿ ಈ ತಂಡಗಳು ಎದುರಾದದ್ದು 2021ರಲ್ಲಿ ಮೊದಲ ಬಾರಿ. ಆ ಋತುವಿನಲ್ಲಿ ಜೈಂಟ್ಸ್ 107 ಪಂದ್ಯ ಗೆದ್ದಿತು, ಡಾಡ್ಜರ್ಸ್ 106. ಪರಸ್ಪರ ಆಡಿದ 19ರಲ್ಲಿ ಜೈಂಟ್ಸ್ 10ನ್ನೂ ಡಾಡ್ಜರ್ಸ್ 9ನ್ನೂ ಗೆದ್ದವು. ಐದು ಪಂದ್ಯಗಳ ನಾಕ್‌ಔಟ್ ಸರಣಿಯನ್ನು ಡಾಡ್ಜರ್ಸ್ 3–2ರಿಂದ ಗೆದ್ದುದರಿಂದ ವರ್ಷದ ಒಟ್ಟು ಲೆಕ್ಕ 12–12 ಆಯಿತು. ಕೊನೆಯ ಔಟ್, ಬ್ಯಾಟರ್ ಅರ್ಧಕ್ಕೇ ತಡೆದ ಬೀಸನ್ನು ಪೂರ್ಣ ಬೀಸೆಂದು ಅಂಪೈರ್ ತೀರ್ಪಿತ್ತದ್ದರಿಂದ ಬಂದದ್ದೆಂಬುದು ಜೈಂಟ್ಸ್ ಅಭಿಮಾನಿಗಳಿಗೆ ಇಂದಿಗೂ ಆರದ ಗಾಯ. 1951ರ ದೂರದರ್ಶಕಕ್ಕೆ ಇದು ತಡವಾಗಿ ಸಂದ ಬಡ್ಡಿ ಎನ್ನುವವರೂ ಇದ್ದಾರೆ.

ಈಗ ಬರಲಿರುವ ಸರಣಿಗಳಿಗೆ ಹಿಂದಿನ ದಟ್ಟಣೆಯಿಲ್ಲ. ಪ್ರತಿ ತಂಡವೂ ಎರಡೂ ಲೀಗ್‌ಗಳ ಉಳಿದೆಲ್ಲ ತಂಡಗಳೊಂದಿಗೆ ಆಡಬೇಕೆಂಬ ವೇಳಾಪಟ್ಟಿ 2023ರಲ್ಲಿ ಜಾರಿಗೆ ಬಂದ ಮೇಲೆ ಇವೆರಡರಂತೆ ಒಂದೇ ವಿಭಾಗದಲ್ಲಿರುವ ತಂಡಗಳ ನಡುವಿನ ಪಂದ್ಯಗಳು ವರ್ಷಕ್ಕೆ 13ಕ್ಕಿಳಿದಿವೆ. 22ರಿಂದ 13ಕ್ಕಿಳಿದರೂ ಜಿದ್ದು ಕುಂದದಿರುವುದಕ್ಕೆ ಹಣವೂ ಕಾರಣ: ಶೊಹೆ ಒಟಾನಿಯೊಂದಿಗೆ 2023ರ ಕೊನೆಯಲ್ಲಿ 10 ವರ್ಷಕ್ಕೆ 70 ಕೋಟಿ ಡಾಲರ್‌ಗಳ ಕರಾರು ಮಾಡಿಕೊಂಡ ಡಾಡ್ಜರ್ಸ್, 2024 ಮತ್ತು 2025ರ ವಿಶ್ವ ಸರಣಿಗಳನ್ನು ಗೆದ್ದು ತನ್ನ ಪ್ರಶಸ್ತಿಗಳ ಸಂಖ್ಯೆಯನ್ನು 9ಕ್ಕೇರಿಸಿ, 8ರಲ್ಲಿರುವ ಜೈಂಟ್ಸ್‌ನ್ನು ದಾಟಿದೆ. ಹೀಗೆಂದು ಮುನ್ನೋಟ ಬರೆಯುವವರು ಡಾಡ್ಜರ್ಸ್‌ಗೇ ಸರಣಿ ಬರೆದುಕೊಟ್ಟರೆ ಆತುರವಾದೀತು. ಪ್ರತಿ ತಂಡವೂ ಸಾಮಾನ್ಯವಾಗಿ ಐದಾರು ಆರಂಭಿಕ ಪಿಚರ್‌ಗಳನ್ನು ಸರದಿಯ ಮೇಲೆ ಆಡಿಸುವುದರಿಂದ ಮೂರು ಪಂದ್ಯಗಳ ಸರಣಿಯಲ್ಲಿ ಅವರಲ್ಲಿ ಮೂವರಷ್ಟೇ ಕಾಣಿಸಿಕೊಳ್ಳುತ್ತಾರೆ. ಬಲಿಷ್ಠ ತಂಡದ ಅತ್ಯುತ್ತಮ ಪಿಚರ್‌ನ ಸರದಿ ಆ ಮೂರು ದಿನಗಳಾಚೆ ಬಿದ್ದರೆ ಲೆಕ್ಕಾಚಾರವೆಲ್ಲ ತಲೆಕೆಳಗು. ಸ್ಯಾನ್ ಫ್ರಾನ್ಸಿಸ್ಕೊದ ಅಂಗಳದಲ್ಲಾದರೆ ಕೊಲ್ಲಿಯ ತಣ್ಣನೆಯ ಗಾಳಿಯೂ, ವಿಲ್ಲಿ ಮೇಸ್‌ನ ಅಂಗಿಯ ಸಂಖ್ಯೆಯ ಗೌರವಾರ್ಥ 24 ಅಡಿ ಎತ್ತರ ಕಟ್ಟಿದ ಬಲಬದಿಯ ಗೋಡೆಯೂ ಎಷ್ಟೋ ಹೋಮ್ ರನ್‌ಗಳನ್ನು ನುಂಗಿಹಾಕುತ್ತವೆ.

ಆ ಕೊಲ್ಲಿಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಜೈಂಟ್ಸ್ ಊರಿನ ತಂಡ. ಇಲ್ಲಿ ಕುಳಿತು ನೋಡಬಯಸುವವರಿಗೂ ಸಮಯ ಅನುಕೂಲವೇ ಇದೆ. ಲಾಸ್ ಏಂಜಲೀಸ್‌ನಲ್ಲಿ ಸಂಜೆ 7:10ಕ್ಕೆ ಆರಂಭವಾಗುವ ಪಂದ್ಯ ಬೇಸಗೆಯ ತಿಂಗಳುಗಳಲ್ಲಿ ಭಾರತದ ಗಡಿಯಾರದಂತೆ ಮರುದಿನ ಬೆಳಿಗ್ಗೆ 7:40ಕ್ಕೆ ಶುರುವಾಗುತ್ತದೆ. ನೋಡಲು ಕೂರುವ ಮುನ್ನ ಓದುಗರು ಅಂಕಪಟ್ಟಿಗಿಂತ ಮೊದಲು ಅಂದಿನ ಆರಂಭಿಕ ಪಿಚರ್‌ಗಳು ಯಾರೆಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು.