ಪ್ರಸವವೇದನೆಯ ಶಮನವೂ ಶಿಶುವಿನ ಉಸಿರೂ

ಕೃಷ್ಣಾತೀರದ ತಿಂಥಣಿಯ ಸೀಮೆಯಲ್ಲಿ ಹೆರಿಗೆಯ ನೋವನ್ನು ‘ಬ್ಯಾನಿ’ ಎನ್ನುವರು. ಇದು ಸಂಸ್ಕೃತದ ‘ವೇದನಾ’ ಶಬ್ದದ ತದ್ಭವವಾದ ‘ಬೇನೆ’ಯ ಆಡುರೂಪ. ಬೇನೆಯನ್ನು ‘ತಿನ್ನುವುದು’ ಎಂಬ ನುಡಿಯಲ್ಲಿ, ಆ ನೋವು ಅನುಭವಿಸಿಯೇ ತೀರಬೇಕಾದುದೆಂಬ ಭಾವವಡಗಿದೆ. ವೈದ್ಯಶಾಸ್ತ್ರವು ಈ ಭಾವಕ್ಕೆ ಕಟ್ಟುಬೀಳಲಿಲ್ಲ. 1847ರಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ನನು ಪ್ರಸವದಲ್ಲಿ ಮೊದಲು ಈಥರನ್ನೂ ಬಳಿಕ ಕ್ಲೋರೋಫಾರಮನ್ನೂ ಪ್ರಯೋಗಿಸಿದನು.

ಸುರಪುರ ಪ್ರಾಂತವು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ, ಎಡ್ವರ್ಡ್ ಲಾರಿಯ ಉದ್ಯಮದಿಂದ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರಂ ಸಮಿತಿಗಳು ಪರೀಕ್ಷೆ ನಡೆಸಿದುವು. ಈ ಔಷಧವು ಹೃದಯವನ್ನು ನೇರವಾಗಿ ನಿಲ್ಲಿಸಲಾರದೆಂಬ ಅವುಗಳ ನಿರ್ಣಯವು ಮುಂದೆ ತಪ್ಪೆಂದು ಸಿದ್ಧವಾಯಿತು. ಉಸಿರಿನ ಮೇಲೆ ಕಣ್ಣಿಟ್ಟಿರಬೇಕೆಂಬ ಎಚ್ಚರಿಕೆಯಾದರೋ ಇಂದಿಗೂ ಸಲ್ಲುತ್ತದೆ. ಪ್ರಸವದಲ್ಲಿ ಗಮನಿಸಬೇಕಾದ ಉಸಿರು ಒಂದಲ್ಲ, ಎರಡು.

ಏಕೆಂದರೆ ತಾಯಿಯ ರಕ್ತವನ್ನು ಸೇರಿದ ಔಷಧವು ಮಾಸನ್ನು ದಾಟಿ ಶಿಶುವನ್ನು ಮುಟ್ಟುತ್ತದೆ. ಪೆಥಿಡೀನನ್ನು ಮಾಂಸಖಂಡಕ್ಕೆ ಚುಚ್ಚಿದ ಸುಮಾರು 2–3 ಗಂಟೆಗಳ ತರುವಾಯ ಹುಟ್ಟುವ ಶಿಶುವಿನಲ್ಲಿ ಅದರ ಪ್ರಭಾವ ಹೆಚ್ಚು. ಉಸಿರು ಮಂದವಾಗಬಹುದು, ಶಿಶುವು ತೂಕಡಿಸಿ, ಮೊಲೆಯುಣ್ಣಲು ತಡಮಾಡಬಹುದು. ಆ ಔಷಧದಿಂದ ದೇಹದಲ್ಲಿ ಹುಟ್ಟುವ ನಾರ್‌ಪೆಥಿಡೀನು ಶಿಶುವಿನಲ್ಲಿ ಕೆಲವು ದಿನ ಉಳಿಯುತ್ತದೆ. ಆದುದರಿಂದ ಔಷಧದ ಪ್ರಮಾಣದಷ್ಟೇ ಅದನ್ನು ಕೊಟ್ಟ ವೇಳೆಯೂ ಮುಖ್ಯ. ಆ ವೇಳೆಯನ್ನು ಬರೆದಿಡತಕ್ಕದ್ದು. ಮಗು ಉಸಿರಾಡದಿದ್ದರೆ ಮೊದಲ ಚಿಕಿತ್ಸೆ ಚೀಲ-ಮುಖವಾಡದಿಂದ ಉಸಿರು ಕೊಡುವುದು. ನಲಾಕ್ಸೋನ್ ಮೊದಲಾದ ಪ್ರತ್ಯೌಷಧಗಳ ವಿಚಾರ ಆಮೇಲಿನದು.

ಬೆನ್ನಿನಲ್ಲಿ ಕೊಡುವ ಎಪಿಡ್ಯೂರಲ್ ಔಷಧವು ನೋವನ್ನು ಎಲ್ಲಕ್ಕಿಂತ ಚೆನ್ನಾಗಿ ತಗ್ಗಿಸುತ್ತದೆ. ಶಿಶುವಿಗೆ ತಲಪುವ ಅಂಶವೂ ಅಲ್ಪ. ಆದರೆ ತಾಯಿಯ ರಕ್ತದೊತ್ತಡವು ಇಳಿದರೆ ಮಾಸಿಗೆ ಹರಿಯುವ ರಕ್ತವು ಕುಗ್ಗಿ, ಶಿಶುವಿನ ಎದೆಬಡಿತವು ಕುಂದೀತು. ಅರಿವಳಿಕೆ ತಜ್ಞರೂ ಸತತವಾದ ಪರೀಕ್ಷೆಯೂ ಇದಕ್ಕೆ ಅವಶ್ಯ. ಉಸಿರಿನೊಡನೆ ಎಳೆದುಕೊಳ್ಳುವ ನೈಟ್ರಸ್ ಆಕ್ಸೈಡು ಬಲದಲ್ಲಿ ಕಡಿಮೆಯಾದರೂ ಬೇಗನೆ ದೇಹವನ್ನು ಬಿಟ್ಟುಹೋಗುತ್ತದೆ.

ಹಳ್ಳಿಗಳಲ್ಲಿ ಒಂದು ಭ್ರಾಂತಿಯನ್ನು ಮುಖ್ಯವಾಗಿ ನಿವಾರಿಸಬೇಕು. ಬೇನೆಯನ್ನು ಹೆಚ್ಚಿಸುವ ಆಕ್ಸಿಟೋಸಿನ್ ಸೂಜಿಯು ನೋವಿನ ಮದ್ದಲ್ಲ. ಹೆರಿಗೆಗೆ ಮುನ್ನ ಅದನ್ನು ಅಳತೆಯಿಲ್ಲದೆ ಚುಚ್ಚಿದರೆ ಗರ್ಭಕೋಶವು ಬಿರಿಯಬಹುದು, ಶಿಶುವಿಗೆ ಪ್ರಾಣವಾಯುವು ಕೊರೆಯಾಗಬಹುದು. ಶಿಶುವಿಗೆ ಉಸಿರು ಕೊಡುವ ಸಲಕರಣೆಯೂ ಅದನ್ನು ಬಲ್ಲವರೂ ಇಲ್ಲದೆಡೆಯಲ್ಲಿ ಪೆಥಿಡೀನಿನಂತಹ ಮದ್ದನ್ನು ಕೊಡಲಾಗದು. ಅಂತಹೆಡೆ ಆಸ್ಪತ್ರೆಗೆ ಸೇರುವವರೆಗೆ ಬೆನ್ನು ನೀವುವುದು, ನಡೆದಾಡಿಸುವುದು, ನೆಚ್ಚಿನವರೊಬ್ಬರು ಜೊತೆಯಲ್ಲಿರುವುದು ಇವೇ ಹಿತ. ಈ ಉಪಚಾರಗಳಿಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮತಿಯೂ ದೊರೆತಿದೆ.